ಎರವಲು ಕೊಟ್ಟ ಟಾಫಿ

ಆರ್ಡಿತ್ ಕೆಲ್ ಸೊಂಟ ಮುರಿದುಕೊಂಡದ್ದು ಕುದುರೆಯ ಮೇಲಿಂದ ಬಿದ್ದಲ್ಲ. ಜನವರಿಯ ಒಂದು ಬೆಳಿಗ್ಗೆ ಮನೆಯೆದುರಿನ ಅಂಚೆ ಡಬ್ಬಿಯವರೆಗೆ ಹೋಗುವಾಗ ಹೆಪ್ಪುಗಟ್ಟಿದ ನೆಲದ ಮೇಲೆ ಕಾಲು ಜಾರಿತು, ಅಷ್ಟೇ. ಪಕ್ಕದ ದನದ ಕೊಟ್ಟಿಗೆಯ ಬಾಯ್ಡ್ ಓಡಿ ಬಂದು ಅವಳನ್ನು ತನ್ನ ಟ್ರಕ್ಕಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ದಾರಿಯುದ್ದಕ್ಕೂ ಅವನ ಬಾಯಿ ಸುಮ್ಮನಿರಲಿಲ್ಲ.

"ಇಡೀ ಆಯುಷ್ಯ ಆ ಅರಬ್ಬಿ ತಿಕ್ಕಲುಗಳ ಮೇಲೆ ಕೂತೆ, ಒಂದು ಮೂಳೆ ಮುರೀಲಿಲ್ಲ. ಕೊನೆಗೆ ಪೋಸ್ಟ್ ಡಬ್ಬಿ ಕೆಡವಿತು ನೋಡಕ್ಕ ನಿನ್ನ."

"ನಗಿಸ್ಬೇಡ ಬಾಯ್ಡ್, ನೋಯತ್ತೆ."

ಅಮೆರಿಕದ ಪಶ್ಚಿಮಕ್ಕಿರುವ ನಮ್ಮ ಓವೈಹೀ ಸೀಮೆಯಲ್ಲಿ ದನ ಕಾಯುವವರಿಗೆ ಅರಬ್ಬಿ ಕುದುರೆ ಎಂದರೆ ತಮಾಷೆ. ಕಾಗದ ಹಾರಿದರೆ ಬೆದರುತ್ತದೆ, ಕಲ್ಲಿನ ನೆರಳು ಕಂಡರೆ ಬುಸುಗುಟ್ಟುತ್ತದೆ, ಬಾಲ ಎತ್ತಿಕೊಂಡು ಮದುಮಗನ ಹಾಗೆ ಕುಣಿಯುತ್ತದೆ ಎಂದು ನಗುತ್ತಾರೆ. ಆದರೆ ಸೇಜ್ ಪೊದೆಗಳ ಈ ಬಯಲಿನಲ್ಲಿ, ಕಣಿವೆ ಇಳಿದು ಕಣಿವೆ ಹತ್ತಿ ದಿನವಿಡೀ ಓಡುವ ಸವಾರಿಗೆ ಅದರ ಮುಂದೆ ಬೇರೆ ಜಾತಿ ಇಲ್ಲವೆಂಬುದು ನಗುವವರಿಗೂ ಗೊತ್ತು.

ಆರ್ಡಿತ್‌ಳ ಬಳಿ ಎರಡು ಅರಬ್ಬಿಗಳಿದ್ದವು. ಸಬ್ರೀನ ಎಂಬ ಬಿಳಿ ಮುದಿ ಹೆಣ್ಣು, ಮತ್ತು ಅವಳ ಮಗ. ವಂಶಪತ್ರದಲ್ಲಿ ಮಗನಿಗೆ ಮಾರುದ್ದದ ಹೆಸರಿತ್ತು. ಲಾಯದಲ್ಲಿ ಮಾತ್ರ ಅವನು ಟಾಫಿ. ತಾಮ್ರದ ಮೈ, ಹಣೆಯ ಮೇಲೆ ಹಾಲು ಚೆಲ್ಲಿದಂಥ ಗೆರೆ. ಅವನು ಹುಟ್ಟುವಾಗ ಆರ್ಡಿತ್ ತಾನೇ ಮೊಣಕೈವರೆಗೆ ಕೈ ಹಾಕಿ ಮುಂಗಾಲು ಹಿಡಿದು ಎಳೆದಿದ್ದಳು. ಗಂಡ ತೀರಿಕೊಂಡ ವರ್ಷ ಅದು. ಆಮೇಲೆ ಅವಳ ಮಾತುಕತೆಯೆಲ್ಲ ಹೆಚ್ಚಾಗಿ ಅವನ ಜೊತೆಗೇ ನಡೆಯಿತು.

ಮನುಷ್ಯರಲ್ಲಿ ಅವಳಿಗೆ ಇದ್ದವಳೆಂದರೆ ರೊವೀನಾ ಪೀಲ್. ಇಬ್ಬರೂ ಹರೆಯ ಕಳೆದ ಮೇಲೆ ಗೆಳತಿಯರಾದವರು. ಜೊತೆಗೆ ಕಣಿವೆ ಸುತ್ತಿದ್ದರು, ಒಂದೇ ಡಬ್ಬಿಯಲ್ಲಿ ಬೀನ್ಸ್ ತಿಂದಿದ್ದರು, ಬಯಲಲ್ಲಿ ಒಬ್ಬಳು ಪೊದೆಯ ಹಿಂದೆ ಕೂತರೆ ಇನ್ನೊಬ್ಬಳು ಎರಡೂ ಲಗಾಮು ಹಿಡಿದು ಕಾದಿದ್ದಳು.

ಪ್ರತಿ ಜೂನ್‌ನಲ್ಲಿ ನಮ್ಮಲ್ಲಿ ಐವತ್ತು ಮೈಲಿಯ ಸವಾರಿ ನಡೆಯುತ್ತದೆ. ಐದು ವರ್ಷ ಅದನ್ನು ಗಡುವಿನೊಳಗೆ ಮುಗಿಸಿದವರಿಗೆ ಬೆಳ್ಳಿಯ ಬಕಲ್ ಕೊಡುತ್ತಾರೆ. ಸೊಂಟಪಟ್ಟಿಗೆ ಹಾಕಿಕೊಳ್ಳುವ, ಅಂಗೈ ಅಗಲದ ಬಕಲ್. ಆರ್ಡಿತ್‌ಗೆ ಅದು ಎಂದೋ ಸಿಕ್ಕಿತ್ತು. ರೊವೀನಾ ನಾಲ್ಕು ವರ್ಷ ಮುಗಿಸಿದ್ದಳು. ಆರ್ಡಿತ್ ಬಿದ್ದ ವರ್ಷವೇ, ಐದನೆಯ ಸವಾರಿ ಹತ್ತಿರ ಬಂದಾಗ ಅವಳ ಕುದುರೆ ಡ್ಯೂಕ್ ಮುಂಗಾಲಿನ ಸ್ನಾಯು ಹರಿದುಕೊಂಡು ಕುಂಟತೊಡಗಿತು. ಇನ್ನು ಅದು ಸವಾರಿಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಅವಳು ಆರ್ಡಿತ್‌ಳ ಅಡುಗೆಮನೆಗೆ ಬಂದು ಕೂತಳು. ಕಾಫಿ ಮುಟ್ಟಲಿಲ್ಲ.

"ಟಾಫೀನ ಕೊಡ್ತೀಯೇನೇ?"

ಆರ್ಡಿತ್ ಬಿಟ್ಟರೆ ಅವನ ಮೇಲೆ ಬೇರೆ ಯಾರೂ ಕೂತಿರಲಿಲ್ಲ.

"ಮುಂದಿನ ವರ್ಷ ಅಂತ ಹೇಳ್ಬೇಡ," ರೊವೀನಾ ಅಂದಳು. "ನಂಗೆ ಮುಂದಿನ ವರ್ಷ ಇಲ್ಲ. ಕಣ್ಣಿನ ನಡುವೆ ಕಪ್ಪು ಕಲೆ ಬೆಳೀತಾ ಇದೆ. ನಿನ್ನ ಮುಖ ನೋಡ್ಬೇಕಾದ್ರೆ ನಿನ್ನ ಕಿವಿ ಕಡೆ ನೋಡ್ಬೇಕು ಈಗ. ಯಾರಿಗೂ ಹೇಳಿಲ್ಲ."

ಆರ್ಡಿತ್ ಊರುಗೋಲು ಗೋಡೆಗೆ ಆನಿಸಿ ಅವಳ ಪಕ್ಕ ಕೂತಳು. "ಅವನು ಡ್ಯೂಕ್ ಥರ ಅಲ್ಲ ಕಣೇ. ಸಾಕಾದ್ರೆ ನಿಲ್ಲಲ್ಲ. ಕೇಳಿದಷ್ಟೂ ಕೊಡ್ತಾನೆ, ಮೈಯಲ್ಲಿ ಶಕ್ತಿ ಇಲ್ದೇ ಇದ್ರೂ ಕೊಡ್ತಾನೆ. ನೀನೇ ಕೇಳೋದು ನಿಲ್ಲಿಸ್ಬೇಕು."

"ನನ್ನ ಮಗು ಥರ ನೋಡ್ಕೋತೀನಿ."

"ನಿಂಗೆ ಮಕ್ಕಳೆಲ್ಲಿದ್ದಾರೆ?"

ಇಬ್ಬರೂ ನಕ್ಕರು. ಮಾತು ಮುಗಿಯಿತು.

ಸವಾರಿಯ ದಿನ ಬಿಸಿಲು ಬೇಗ ಏರಿತು. ಆರ್ಡಿತ್ ಟ್ರಕ್ಕಿನಲ್ಲಿ ಪಶುವೈದ್ಯರು ಕುದುರೆಯನ್ನು ನೋಡಿ ಮುಂದೆ ಬಿಡುವ ಒಂದೊಂದು ತಪಾಸಣೆಯ ಜಾಗಕ್ಕೂ ಮುಂದಾಗಿ ಹೋಗಿ ನೀರು, ಒದ್ದೆ ಬಟ್ಟೆ, ನೆನೆಸಿದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಇಟ್ಟುಕೊಂಡು ಕಾಯುತ್ತಿದ್ದಳು. ಮೊದಲ ಜಾಗಕ್ಕೆ ಟಾಫಿ ಕಿವಿ ನಿಮಿರಿಸಿಕೊಂಡು ಬಂದ. ಬಕೆಟ್ಟಿಗೆ ಮೂತಿ ಅದ್ದಿ ಅರ್ಧ ಖಾಲಿ ಮಾಡಿದ. ರೊವೀನಾಳ ಮುಖ ಹುಡುಗಿಯ ಹಾಗೆ ಕೆಂಪಾಗಿತ್ತು. "ಇವನು ನೆಲ ಮುಟ್ಟೋದೇ ಇಲ್ಲ ಮಾರಾಯ್ತಿ!" ಅಂದಳು.

ಕೊನೆಯ ತಪಾಸಣೆ ಕಲ್ಲುಕಣಿವೆಯ ಬಾಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಟಾಫಿ ನೀರು ಮೂಸಿ ಮುಖ ತಿರುಗಿಸಿದ. ಸೊಪ್ಪು ಬಾಯಿಗಿಟ್ಟರೆ ಹಾಗೇ ಹಿಡಿದು ನಿಂತ, ಅಗಿಯಲಿಲ್ಲ. ಆರ್ಡಿತ್ ಅವನ ಪಕ್ಕೆಗೆ ಕಿವಿ ಇಟ್ಟಳು. ಸದಾ ಗುಡುಗುಡು ಅನ್ನುವ ಹೊಟ್ಟೆ ಸುಮ್ಮನಿತ್ತು.

ಪಶುವೈದ್ಯೆ ಒಬ್ಬ ಗಟ್ಟಿ ಹೆಂಗಸು. ಎದೆಬಡಿತ ಇಳಿಯುವುದನ್ನು ಕಾದಳು. ಇಳಿಯಿತು, ತಡವಾಗಿ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು, ಇನ್ನೊಂದು ಕಡೆಯೂ ಕೇಳಿದಳು.

"ನಿಯಮದ ಪ್ರಕಾರ ಬಿಡಬಹುದು. ಗೀಟಿನ ಮೇಲೇ ಇದ್ದಾನೆ. ನನ್ನ ಕುದುರೆ ಆಗಿದ್ರೆ ಗಾಡಿ ಹತ್ತಿಸ್ತಿದ್ದೆ. ನೀವು ನೋಡ್ಕೊಳ್ಳಿ," ಎಂದು ಮುಂದಿನ ಕುದುರೆಗೆ ಹೋದಳು.

ಆರ್ಡಿತ್ ಲಗಾಮಿಗೆ ಕೈ ಹಾಕಿದಳು. "ಸಾಕು, ಇಳಿಸು ಜೀನು."

"ಡಾಕ್ಟರು ಬಿಟ್ರಲ್ಲ!"

"ಅವನು ನೀರು ಕುಡೀತಿಲ್ಲ ರೊವೀನಾ."

"ಇನ್ನು ಎಷ್ಟಿದೆ ಅಂತ? ಇದೊಂದು ಕಣಿವೆ. ಆರ್ಡಿತ್, ನೋಡು, ದಾರಿ ಕಾಣದೇ ಇದ್ದಾಗ ನಾನು ಅವನ ಕಿವಿ ನೋಡ್ಕೊಂಡು ಬಂದೆ. ಇನ್ನೊಂದು ಸಲ ನನಗೆ ಇದಿಲ್ಲ. ನಿನ್ನ ಬಕಲ್ ಗೋಡೆ ಮೇಲೆ ಧೂಳು ತಿಂತಾ ಇದೆ. ನಿಂಗೇನು ಗೊತ್ತಾಗತ್ತೆ?"

ಆ ಮಾತು ತಾಗಿತು. ತಾಗಬೇಕೆಂದೇ ಆಡಿದ್ದು. ಬಿಸಿಲಿಗೋ ಸೊಂಟದ ನೋವಿಗೋ ಆರ್ಡಿತ್‌ಗೆ ವಾದಿಸುವ ತ್ರಾಣ ಇರಲಿಲ್ಲ.

"ನಡೆಸ್ಕೊಂಡು ಹೋಗ್ತೀಯಾ? ಓಡಿಸಲ್ಲ ಅಂತ ಮಾತು ಕೊಡು."

"ಕೊಟ್ಟೆ. ನಡೆಸ್ಕೊಂಡೇ ಹೋಗ್ತೀನಿ. ಇಳಿಜಾರಲ್ಲಿ ನಾನೂ ಇಳಿದು ನಡೀತೀನಿ."

ಉಳಿದ ಹೊತ್ತಿನಲ್ಲಿ ನಡೆದು ಆ ಕಣಿವೆ ದಾಟಿ ಗಡುವಿನೊಳಗೆ ಮುಟ್ಟುವುದು ಆಗದ ಮಾತು. ಅಷ್ಟು ವರ್ಷ ಆ ದಾರಿ ಓಡಿದ ಆರ್ಡಿತ್‌ಗೆ ಅದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವಳು ಲಗಾಮು ಬಿಟ್ಟಳು.

ಗಡುವಿಗೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ರೊವೀನಾ ಗೆರೆ ದಾಟಿದಳು. ಟಾಫಿಯ ಮೈಮೇಲೆ ಬೆವರು ಒಣಗಿ ಉಪ್ಪು ಬಿಳಿಯಾಗಿ ಕೂತಿತ್ತು. ಗೆರೆ ದಾಟಿದರೆ ಸಾಲದು, ಕುದುರೆ ಇನ್ನೂ ಗಟ್ಟಿಯಾಗಿದೆಯೆಂದು ವೈದ್ಯೆಯ ಮುಂದೆ ಓಡಿ ತೋರಿಸಬೇಕು. ಹಗ್ಗ ಹಿಡಿದು ಎಳೆದರೂ ಅವನು ಹೆಜ್ಜೆ ಕೀಳಲಿಲ್ಲ.

"ಆರ್ಡಿತ್!" ರೊವೀನಾ ಕೂಗಿದಳು. "ಆ ತುದಿಗೆ ನಿಂತ್ಕೊಂಡು ಕರಿಯೇ. ನೀ ಕರೆದ್ರೆ ಬರ್ತಾನೆ."

ಸುತ್ತ ಜನ ನಿಂತು ನೋಡುತ್ತಿದ್ದರು. ಆರ್ಡಿತ್ ಊರುಗೋಲು ಊರುತ್ತ ಆ ತುದಿಗೆ ಹೋದಳು. ಯಾಕೆ ಹೋದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಳೋ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ದಿನಾ ಮೇವಿಗೆ ಕರೆಯುವ ಹಾಗೆ ಸದ್ದು ಮಾಡಿದಳು. ಟಾಫಿ ತಲೆ ಎತ್ತಿದ, ಬಾಲ ಎತ್ತಿದ. ಬಯಲಿಗೆ ಬಿಟ್ಟ ಮರಿಯ ಹಾಗೆ ಹಗ್ಗ ಜಗ್ಗಿಕೊಂಡು ಅವಳತ್ತ ಓಡಿ ಬಂದು ಎದೆಗೆ ಮೂತಿ ಒತ್ತಿದ. ಜನ ಚಪ್ಪಾಳೆ ತಟ್ಟಿದರು. ವೈದ್ಯೆ ಒಂದು ಕ್ಷಣ ತಡೆದು, ಪಾಸು ಎಂದು ತಲೆಯಾಡಿಸಿದಳು.

ಕತ್ತಲಾಗುವ ಮುಂಚೆಯೇ ಅವನ ಹಿಂಭಾಗದ ಸ್ನಾಯುಗಳು ಹಲಗೆಯಂತೆ ಬಿಗಿದವು. ಮೂತ್ರ ಕಾಫಿಯ ಬಣ್ಣದಲ್ಲಿ ಬಂತು. ವೈದ್ಯೆ ಕುತ್ತಿಗೆಗೆ ಸೂಜಿ ಹಾಕಿ ಬಾಟಲಿ ಮೇಲೆ ಬಾಟಲಿ ನೀರು ಏರಿಸಿದಳು. ಬೆಳಗಾಗುವಷ್ಟರಲ್ಲಿ ಮೂತ್ರಪಿಂಡ ಕೈಬಿಟ್ಟಿತ್ತು. ಅವನು ಮಲಗಿದಲ್ಲೇ ಆರ್ಡಿತ್‌ಳ ತೋಳನ್ನು ತುಟಿಯಿಂದ ತಡಕುತ್ತಿದ್ದ. ನೋವು ಮುಗಿಸುವ ಕೊನೆಯ ಸೂಜಿ ಚುಚ್ಚುವಾಗ ಅವನ ತಲೆ ಅವಳ ತೊಡೆಯ ಮೇಲಿತ್ತು.

ರೊವೀನಾ ಎಲ್ಲ ಹೊತ್ತೂ ಅಲ್ಲೇ ಇದ್ದಳು, ಅತ್ತಳು, ಬಕೆಟ್ ಹೊತ್ತಳು. ಅದನ್ನು ಇಲ್ಲವೆನ್ನಲಾಗದು. ಆದರೆ ಬಿಸಿಲು ಬಂದ ಮೇಲೆ ಬಿಡಾರದಲ್ಲಿ ತಿಂಡಿಯ ಜೊತೆ ಬಹುಮಾನ ಹಂಚತೊಡಗಿದಾಗ, ಅವಳ ಹೆಸರು ಕೂಗಿದಾಗ, ಅವಳು ಎದ್ದು ಹೋಗಿ ಬಕಲ್ ತೆಗೆದುಕೊಂಡಳು. ಗಾಡಿಯಲ್ಲಿ ಕೂತು ಖಾಲಿ ಹಗ್ಗ ಸುತ್ತುತ್ತಿದ್ದ ಆರ್ಡಿತ್‌ಗೆ ಚಪ್ಪಾಳೆ ಕೇಳಿಸಿತು. ಅದು ಬಹಳ ಹೊತ್ತು ನಡೆಯಿತು. ಕುದುರೆ ಕಳೆದುಕೊಂಡವಳು ಪಾಪ ಎಂದು ಜನ ಎದ್ದು ನಿಂತು ತಟ್ಟಿದರಂತೆ, ರೊವೀನಾಳಿಗೆ.

ಬಾಯ್ಡ್ ಸವಾರಿಯ ದಿನ ಕಣಿವೆಯ ನಡುವಿನ ಗೇಟು ಕಾಯಲು ನಿಂತಿದ್ದ. ವಾರ ಕಳೆದ ಮೇಲೆ ಟೋಪಿ ಕೈಯಲ್ಲಿ ಹಿಡಿದು ಆರ್ಡಿತ್‌ಳ ಬಾಗಿಲಿಗೆ ಬಂದ.

"ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ ಅಕ್ಕ. ನನ್ನ ಗೇಟು ದಾಟುವಾಗ ಅವಳು ನಡೆಸ್ತಾ ಇರ್ಲಿಲ್ಲ. ನಾಗಾಲೋಟ. ಬಾರುಕೋಲಿಂದಲ್ಲ, ಬರೀ ಬಾಯಲ್ಲೇ. 'ಬಾ ಕಂದ, ಬಾ ಕಂದ' ಅಂತಿದ್ಲು. ನಿನ್ನ ಕುದುರೆ ಹೋಗ್ತಾನೇ ಇತ್ತು. ಅರಬ್ಬಿ ಬಗ್ಗೆ ಇನ್ನು ತಮಾಷೆ ಮಾಡಲ್ಲ."

"ಮಾಡಪ್ಪ. ಮಾಡದೇ ಇದ್ರೆ ಇನ್ನೂ ಕಷ್ಟ," ಎಂದಳು ಆರ್ಡಿತ್.

ಇತ್ತ ಸಬ್ರೀನ ಬೇಲಿಯುದ್ದಕ್ಕೂ ಓಡಾಡಿ ಕೆನೆಯುವುದನ್ನು ನಿಲ್ಲಿಸಲಿಲ್ಲ. ಮಗ ಹೋದ ದಾರಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಮೇವು ಬಿಟ್ಟಳು, ಪಕ್ಕೆಲುಬು ಕಾಣತೊಡಗಿತು. ಕುದುರೆಗೆ ಒಂಟಿತನ ರೋಗವೇ. ಆ ಕೂಗು ಬಾಯ್ಡ್‌ನ ಮನೆಗೂ ಕೇಳಿಸುತ್ತಿತ್ತು. ಅವನೇ ಹೇಳಿದ: "ಜೊತೆ ಬೇಕಕ್ಕ ಅವಳಿಗೆ. ರೊವೀನಾಳ ಡ್ಯೂಕ್ ಸುಮ್ನೆ ನಿಂತಿದೆ. ಅದಕ್ಕೆ ಮೇವು ಹಾಕೋಕೂ ರೊವೀನಾಗೆ ಈಗ ಕಣ್ಣು ಸಾಲ್ತಿಲ್ಲ. ಕುಂಟು ಮುದುಕನ್ನ ಯಾರು ತಗೋತಾರೆ? ಕೊನೆಗೆ ಕಸಾಯಿಯವನೇ."

ಆರ್ಡಿತ್ ಇನ್ನೆರಡು ದಿನ ಆ ಕೂಗು ಕೇಳಿಸಿಕೊಂಡಳು. ಆಮೇಲೆ "ತಾ" ಎಂದಳು.

ಬಾಯ್ಡ್ ಡ್ಯೂಕ್‌ನನ್ನು ತಂದಾಗ ಟ್ರಕ್ಕಿನ ಮುಂದಿನ ಸೀಟಿನಲ್ಲಿ ರೊವೀನಾ ಕೂತಿದ್ದಳು. ಇಳಿದು ಗೇಟಿನವರೆಗೆ ತಡವರಿಸಿ ಬಂದಳು. ಸೊಂಟದ ಮೇಲೆ ಬಕಲ್ ಹೊಳೆಯುತ್ತಿತ್ತು.

"ಅದನ್ನ ಹಾಕ್ಕೊಂಡು ಬಂದೆಯಲ್ಲ," ಆರ್ಡಿತ್ ಅಂದಳು.

"ತೆಗೆದಿಟ್ರೆ ಅವನು ಸತ್ತಿದ್ದು ಯಾತಕ್ಕೆ ಅಂತ ಆಗತ್ತೆ? ಅವನು ಗಳಿಸಿದ್ದು ಇದು."

"ಅವನಿಗೆ ಬಕಲ್ ಬೇಕಿರ್ಲಿಲ್ಲ. ನೀರು ಬೇಕಿತ್ತು."

ರೊವೀನಾ ಗೇಟಿನ ಕಂಬ ಹಿಡಿದಳು. "ನೀನೂ ಬಿಟ್ಟೆ ಆರ್ಡಿತ್. ನಡೆದ್ರೆ ಹೊತ್ತಿಗೆ ಮುಟ್ಟಲ್ಲ ಅಂತ ನಿಂಗೂ ಗೊತ್ತಿತ್ತು. ನಾನೊಬ್ಳೇ ಅಲ್ಲ."

"ಹೌದು, ಬಿಟ್ಟೆ," ಆರ್ಡಿತ್ ಅಂದಳು. "ಅದನ್ನ ನನಗೆ ನೀನು ಹೇಳ್ಬೇಕಾಗಿಲ್ಲ. ದಿನಾ ಏಳುವಾಗ ನಾನೇ ಹೇಳ್ಕೋತೀನಿ. ಆದ್ರೆ ನೀನು ಮಾತು ಕೊಟ್ಟಿದ್ದೆ."

ಬಾಯ್ಡ್ ಅಷ್ಟರಲ್ಲಿ ಡ್ಯೂಕ್‌ನನ್ನು ಒಳಗೆ ಬಿಟ್ಟ. ಸಬ್ರೀನ ಕಿವಿ ಹಿಂದಕ್ಕೆ ಮಲಗಿಸಿ ಒಮ್ಮೆ ಕಚ್ಚಲು ಹೋದಳು, ಆಮೇಲೆ ಮೂಸಿದಳು, ಆಮೇಲೆ ಅವನ ಹಿಂದೆ ಹಿಂದೆ ನಡೆದಳು. ಬಹಳ ದಿನಗಳ ನಂತರ ಅಂಗಳದಲ್ಲಿ ಸದ್ದಿರಲಿಲ್ಲ.

"ಆಗಾಗ ಬಂದು ಡ್ಯೂಕ್‌ನ ನೋಡ್ಲಾ?" ರೊವೀನಾ ಕೇಳಿದಳು. ಅವಳು ಆರ್ಡಿತ್‌ಳ ಕಿವಿಯ ಕಡೆ ನೋಡುತ್ತಿದ್ದಳು.

"ಬಾ. ಕುದುರೆ ನಿಂದು. ಬಾಯ್ಡ್ ಹತ್ರ ಮೊದ್ಲೇ ಹೇಳಿ ಕಳ್ಸು, ನಾನು ಆ ಹೊತ್ತಿಗೆ ಪೇಟೆಗೆ ಹೋಗಿರ್ತೀನಿ."

ಬಾಯ್ಡ್ ರೊವೀನಾಳ ಮೊಣಕೈ ಹಿಡಿದು ಟ್ರಕ್ಕಿಗೆ ಹತ್ತಿಸಿದ. ಟ್ರಕ್ಕು ತಿರುವು ದಾಟುವವರೆಗೂ ಆರ್ಡಿತ್ ಕಾಯಲಿಲ್ಲ. ಎರಡು ಕುದುರೆಗಳಿಗೆ ಆಗುವಷ್ಟು ಹುಲ್ಲು ಇಳಿಸಲು ಲಾಯದೊಳಗೆ ಹೋದಳು.