ಅಂಗಡಿ ತೆಗಸ್ರಿ

ಗೋಕಾಕ ಫಾಲ್ಸಿಗೆ ಬರುವ ಪ್ರತಿಯೊಬ್ಬರ ತಲೆಯಲ್ಲೂ ಆ ಊರನ್ನು ಸುಧಾರಿಸುವ ಒಂದು ಉಪಾಯ ಇದ್ದೇ ಇರುತ್ತದೆ. ನೀರು ನೋಡುತ್ತಾರೆ, ಫೋಟೋ ಹೊಡೆಸಿಕೊಳ್ಳುತ್ತಾರೆ, ಆಮೇಲೆ ಸುಟ್ಟ ಗೋವಿನಜೋಳದ ತೆನೆ ಕಡಿಯುತ್ತ "ಇಲ್ಲಿ ಹಿಂಗ ಮಾಡಬೇಕಿತ್ತ ನೋಡ್ರಿ" ಅಂತ ಶುರು ಹಚ್ಚುತ್ತಾರೆ. ಆ ತೆನೆ ಸುಟ್ಟು, ಉಪ್ಪು ಖಾರ ಸವರಿ ಅವರ ಕೈಗೆ ಕೊಟ್ಟವಳು ಯಲ್ಲಕ್ಕ. ಅವಳು ಕೇಳದ ಉಪಾಯವೇ ಇರಲಿಲ್ಲ. ಎಲ್ಲದಕ್ಕೂ "ಹೌದ್ರಿ, ಖರೇ ಐತ್ರಿ" ಅನ್ನುತ್ತಿದ್ದಳು. ಹಾಗಂದರೆ ಅವರು ಇನ್ನೊಂದು ತೆನೆ ತಗೊಳ್ಳುತ್ತಿದ್ದರು, ಅಷ್ಟೇ.

ಹೋದ ಮಳೆಗಾಲದಲ್ಲಿ ಆ ಮಾತೂ ನಿಂತುಹೋಯಿತು. ಯಾರೋ ಹುಡುಗ ಪಾಚಿಗಟ್ಟಿದ ಬಂಡೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳಲು ಹೋಗಿ ಜಾರಿ ಬಿದ್ದ. ಕಾಲು ಮುರಿಯಿತು, ಪುಣ್ಯಕ್ಕೆ ಜೀವ ಉಳಿಯಿತು. ಜಾರಿದ್ದು ಬಂಡೆಯ ಮೇಲೆ, ಶಿಕ್ಷೆ ಆಗಿದ್ದು ಅಂಗಡಿಗಳಿಗೆ! ಮಂದಿ ಗುಂಪುಗೂಡುವುದೇ ಈ ಅಂಗಡಿಗಳಿಂದ ಅಂತ ಮೇಲಿನವರು ಯಾರೋ ಹೇಳಿದರಂತೆ. ದಾರಿಯ ಬದಿಯಲ್ಲಿದ್ದ ತಗಡಿನ ಅಂಗಡಿಗಳಿಗೆಲ್ಲ ಬೀಗ ಬಿತ್ತು, ಮುಂದೆ ಕಬ್ಬಿಣದ ಅಡ್ಡಗಟ್ಟೆ ಬಂತು. ಮುಂದಿನ ಆದೇಶದ ತನಕ ಬಂದ್ ಅಂದರು. ಆ ಮುಂದಿನ ಆದೇಶ ಎಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತೋ ಏನೋ, ಬರಲೇ ಇಲ್ಲ.

ಯಲ್ಲಕ್ಕ ಘಟಪ್ರಭಾದ ಕಡೆ ಕಬ್ಬಿನ ಕಸ ತೆಗೆಯಲು ಕೂಲಿಗೆ ಹೋಗತೊಡಗಿದಳು. ಗಂಡ ಸಿದ್ರಾಯನಿಗೆ ಸೊಂಟದ ನೋವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅವಳ ಬಾಜೂಕಿನ ಅಂಗಡಿಯ ಬಾಳವ್ವ ಬುಟ್ಟಿಯಲ್ಲಿ ಮಿರ್ಚಿಭಜಿ ಹೊತ್ತು ಬಸ್‌ ನಿಲ್ದಾಣದಲ್ಲಿ ಮಾರಲು ಹೋಗಿ ದಿನಾ ಬೈಸಿಕೊಂಡು, ಅದರ ಎರಡರಷ್ಟು ಬೈದು ಬರುತ್ತಿದ್ದಳು. ಬಾಳವ್ವನ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹಿಂದೆ ಸಿದ್ರಾಯ ಹಾಸಿಗೆ ಹಿಡಿದ ಹೊಸದರಲ್ಲಿ, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಯಲ್ಲಕ್ಕನನ್ನು ಕರೆದು, ತನ್ನ ಒಲೆಯನ್ನು ಅತ್ತ ಸರಿಸಿ, "ಕುಂದರ ಇಲ್ಲಿ, ತೆನಿ ಸುಡು. ಸುಡಾಕೂ ಬರೂದಿಲ್ಲ ಅಂದ್ರ ಹೇಳು, ನಿನ್ನ ಸುಡತೇನಿ" ಅಂದವಳು ಅವಳೇ. ಹಾಗೆ ಬೈದು ಕೊಟ್ಟ ಜಾಗದಲ್ಲೇ ಯಲ್ಲಕ್ಕನ ತಗಡಿನ ಅಂಗಡಿ ಎದ್ದಿದ್ದು.

ಈಗ ಮತ್ತೆ ಮಳೆಗಾಲ ಬಂತು. ನೀರು ಕೆಂಪಾಗಿ ಧುಮುಕತೊಡಗಿತು. ಮಂದಿ ಕಾರು ಕಟ್ಟಿಕೊಂಡು ಬರತೊಡಗಿದರು. ವರ್ಷದ ಅನ್ನ ದುಡಿಯುವುದು ಈ ಎರಡು ಮೂರು ತಿಂಗಳಲ್ಲೇ. ಈ ಸಲವೂ ಅಂಗಡಿ ಬಾಗಿಲು ತೆರೆಯದಿದ್ದರೆ ಮುಗಿದೇ ಹೋಯಿತು ಎಂದು ಯಲ್ಲಕ್ಕ ಒಳಗೊಳಗೇ ಕುದಿಯುತ್ತಿದ್ದಳು.

ಅಷ್ಟರಲ್ಲಿ ಸಭೆಯ ಸುದ್ದಿ ಬಂತು. 'ಸುಂದರ ಜಲಪಾತ ಸಮಿತಿ' ಅಂತ ಹೊಸದೊಂದು ಹುಟ್ಟಿತ್ತು. ಊರವರೂ ಪ್ರವಾಸಿಗರೂ ಬಂದು ಊರು ಹೇಗಿರಬೇಕು ಅಂತ ಹೇಳಬಹುದಂತೆ, ಹೇಳಿದ್ದನ್ನು ಮಾಡಿಯೇ ತೀರುತ್ತಾರಂತೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತ ಹೋದವನು ಸಮಿತಿಯ ಕೆಲಸಕ್ಕಿದ್ದ ಶುಭಮ್, ಗೋಕಾಕದವನೇ.

ಅಂಗಡಿಯವರೆಲ್ಲ ಬಾಳವ್ವನ ಮನೆಯ ಕಟ್ಟೆಯ ಮೇಲೆ ಸೇರಿದರು. ಯಾರು ಮಾತಾಡಬೇಕು ಅನ್ನುವುದೇ ಪ್ರಶ್ನೆ. ಚಹಾದ ಮಾಲಿಂಗಪ್ಪ ಬಾಳವ್ವನ ಕಡೆ ನೋಡಿದ.

"ನಾ ಒಲ್ಲೆಪಾ," ಅಂದಳು ಬಾಳವ್ವ. "ನಾ ಎದ್ದು ನಿಂತ್ರ ಜಗಳಾನ ಆಗೂದು. ಯಲ್ಲಕ್ಕ ಮಾತಾಡ್ಲಿ. ಆಕಿ ಸಮಾಧಾನದಾಕಿ. ಕೂಲಿಮಂದಿ ಮಾತಾಡಿದಂಗ ಅಳಕೋಂತ ಮಾತಾಡಬ್ಯಾಡ ಮತ್ತ. ಎದಿ ಉಬ್ಬಿಸಿ ಹೇಳು."

ಸಭೆಯ ದಿನ ಶಾಮಿಯಾನ ತುಂಬಿತ್ತು. ವೇದಿಕೆಯ ನಡುವೆ ಬೆಂಗಳೂರಿನ ಕಡೆಯಿಂದ ಬಂದ ಸಾಹೇಬರು, ಸಮಿತಿಯ ಮುಖ್ಯಸ್ಥರು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಯಾರು ಏನು ಹೇಳಿದರೂ ತಲೆದೂಗುವ ಮನುಷ್ಯ. ಕೆಟ್ಟವರು ಅಂತ ಹೇಳಲಿಕ್ಕೆ ಬರುವುದಿಲ್ಲ. ಅವರ ಎಡಕ್ಕೂ ಬಲಕ್ಕೂ ಸುತ್ತಲಿನ ಊರುಗಳ ದೊಡ್ಡ ಮನುಷ್ಯರು ಕೂತಿದ್ದರು.

ಉಪಾಯಗಳು ಶುರುವಾದವು ನೋಡಿ! ಪುಣೆಯಿಂದ ಬಂದ ಒಬ್ಬಾತ ನೀರಿನ ಮೇಲೆ ಗಾಜಿನ ಸೇತುವೆ ಕಟ್ಟಿ ಅಂದ. ಹುಬ್ಬಳ್ಳಿಯ ಅನುರಾಧಾ ಎಂಬ ಹೆಣ್ಣುಮಗಳು, ಮೊದಲು ಹೆಂಗಸರಿಗೆ ಒಂದು ನೆಟ್ಟಗಿನ ಶೌಚಾಲಯ ಕಟ್ಟಿಸಿ, ಗಾಜು ಆಮೇಲೆ ಒರೆಸಿಕೊಳ್ಳಿ ಅಂದಳು. ಅವಳಿಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ವೇದಿಕೆ ತಟ್ಟಲಿಲ್ಲ. ನೀರಿಗೆ ಬಣ್ಣದ ದೀಪ ಬಿಡಿ ಅಂದವರು, ಕೋತಿಗಳನ್ನು ಬೇರೆ ಕಡೆ ಸಾಗಿಸಿ ಅಂದವರು, ಬೇಸಿಗೆಯಲ್ಲೂ ನೀರು ಬೀಳುವ ಹಾಗೆ ಏನಾದರೂ ಮಾಡಿ ಅಂದವರು. ಮೂಡಲಗಿಯ ನಿವೃತ್ತ ಮಾಸ್ತರರೊಬ್ಬರು ಇತಿಹಾಸ ಹೇಳಲು ನಿಂತು, ಮೈಕು ಕಸಿದುಕೊಳ್ಳುವ ತನಕ ಬಿಡಲಿಲ್ಲ. ದಡ್ಡಿ ಎಂಬ ಹಳ್ಳಿಯಿಂದ ಬಂದಿದ್ದ ಉದ್ದಪ್ಪ ತಮ್ಮ ಊರಿಗೆ ಬಸ್ಸು ಬರುತ್ತಿಲ್ಲ ಅಂತ ಗೋಳು ತೋಡಿಕೊಂಡ. ಇದಕ್ಕೂ ಜಲಪಾತಕ್ಕೂ ಏನು ಸಂಬಂಧ ಅಂತ ಕೇಳಿದರೆ, "ಯಾರರೆ ಕೇಳಾಕ ಕುಂತಾರಲ್ರಿ, ಅದಕ್ಕ ಹೇಳಿದ್ನಿ" ಅಂದ. ಪಾಪ, ಅವನದೇನೂ ತಪ್ಪಿಲ್ಲ.

ಯಲ್ಲಕ್ಕನ ಸರದಿ ಬಂತು. ಶುಭಮ್ ಮೈಕು ಕೊಟ್ಟ. ಅವಳು ಹಿಂದೆ ತಿರುಗಿ ನೋಡಿದಳು. ಬಾಳವ್ವ ಕಣ್ಣಲ್ಲೇ ಗದರಿದಳು.

"ಸಾಹೇಬ್ರ, ನಾವ ಇಲ್ಲಿ ಅಂಗಡಿಯವ್ರು. ಈ ಊರು ಚಲೋ ಆಗ್ಲಿ ಅಂತ ನಮಗೂ ಐತ್ರಿ. ಬಂದ ಮಂದಿಗೆ ತ್ರಾಸ ಆಗಬಾರ್ದು ಅಂತ ನಮಗೂ ಐತ್ರಿ. ಮಳಿಗಾಲ ಬಂತು. ಇನ್ನ ತಡಾ ಮಾಡಬ್ಯಾಡ್ರಿ, ನಮ್ಮ ಅಂಗಡಿ ತೆಗಸ್ರಿ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಏನಂದ್ರಿ? ನಿಮ್ಮ ಅಂಗಡೀನ ತೆಗೆಸಬೇಕಾ?"

"ಹೌದ್ರಿ. ನಂದೊಂದ ಅಲ್ರಿ, ಎಲ್ಲಾರದೂ ತೆಗಸ್ರಿ. ಒಂದೂ ಬಿಡಬ್ಯಾಡ್ರಿ."

"ಅಮ್ಮ, ಇದು ನೀವು ಮನಸಾರೆ ಹೇಳ್ತಿರೋದಾ? ಯಾರೂ ಬಲವಂತ ಮಾಡಿಲ್ಲ ತಾನೇ?"

"ಯಾರ ಬಲವಂತ ರೀ? ವರ್ಷಾತು, ನಾವ ಇದನ್ನ ಕೇಳಾಕತ್ತೇವಿ!"

ಹಿಂದಿನಿಂದ ಅಂಗಡಿಯವರೆಲ್ಲ ಎದ್ದು ನಿಂತು ಕೂಗಿದರು: "ತೆಗಸ್ರಿ! ನಾಳೆ ಅಂದ್ರ ನಾಳೆನ ತೆಗಸ್ರಿ!" ಎಲ್ಲರಿಗಿಂತ ಜೋರು ಬಾಳವ್ವನ ದನಿ.

ಸಾಹೇಬರ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರವಾಸಿಗರು ಮೊಬೈಲು ಎತ್ತಿ ಹಿಡಿದರು. ತಮಗೆಂದು ತಂದಿದ್ದ ಶಾಲನ್ನೇ ಸಾಹೇಬರು ಯಲ್ಲಕ್ಕನ ಹೆಗಲಿಗೆ ಹೊದಿಸಿ, "ಊರಿಗೋಸ್ಕರ ಹೀಗೆ ಯೋಚಿಸೋರು ಬೇಕು" ಅಂದರು. ವೇದಿಕೆಯ ಮೇಲಿದ್ದ ದೊಡ್ಡ ಮನುಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲ ಇದೇ ನೀರು ಕುಡಿದವರು, 'ಅಂಗಡಿ ತೆಗಿ' ಅಂದರೆ ಏನು ಅಂತ ತಾಯ ಮಡಿಲಲ್ಲೇ ಕಲಿತವರು. ಒಬ್ಬರಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಅವರೂ ಚಪ್ಪಾಳೆ ತಟ್ಟಿದರು.

ಅಂದು ಯಲ್ಲಕ್ಕ ನೆಲದ ಮೇಲೆ ನಡೆಯಲಿಲ್ಲ. ಸಿದ್ರಾಯ ಶಾಲು ಮುಟ್ಟಿ ಮುಟ್ಟಿ ನೋಡಿದ. ಬಾಳವ್ವ ಓಣಿಯ ತುಂಬ, "ನಮ್ಮ ಯಲ್ಲಿ ಸಾಹೇಬನ್ನ ಅಳಿಸಿ ಬಂದಾಳ ನೋಡ್ರ್ಯೋ" ಅಂತ ಹೇಳಿಕೊಂಡು ತಿರುಗಿದಳು.

ಎರಡು ದಿನ ಬಿಟ್ಟು ಶುಭಮ್ ಫೋನು ಮಾಡಿ, ಬೆಳಿಗ್ಗೆ ಬಂದು ಸಾಮಾನು ನೋಡಿಕೊಳ್ಳಿ ಅಂದ. ಇನ್ನೇನು ಬೇಕು? ಯಲ್ಲಕ್ಕ ಇದ್ದಿಲ ಚೀಲ ಹೊತ್ತಳು. ಬಾಳವ್ವ ಕಡಲೆಹಿಟ್ಟು, ಹಸಿಮೆಣಸಿನಕಾಯಿ, ಒಲೆಗೆ ಪೂಜೆ ಮಾಡಲು ಅರಿಶಿನ ಕುಂಕುಮ ಕಟ್ಟಿಕೊಂಡಳು. ಮಾಲಿಂಗಪ್ಪ ಹಾಲಿನ ಕ್ಯಾನು ಹಿಡಿದು ಬಂದ. ಅಲ್ಲಿ ಜೆಸಿಬಿ ನಿಂತಿತ್ತು. ಅಡ್ಡಗಟ್ಟೆ ಕೀಳಲು ಬಂದಿರಬೇಕು ಅಂದುಕೊಂಡರು. ಹೌದು, ಮೊದಲು ಅಡ್ಡಗಟ್ಟೆಯನ್ನೇ ಕಿತ್ತಿತು. ಹೆಂಗಸರು ನಕ್ಕರು. ಸಮಿತಿಯವರು ಬೀಗ ತೆಗೆದು ಒಳಗಿನ ಪಾತ್ರೆ ಪಡಗ ಹೊರಗೆ ಇಡಿಸಿದರು. ಕಸ ಹೊಡೆಯಲಿಕ್ಕೆ ಅಂದುಕೊಂಡು ಇವರೂ ಕೈಹಚ್ಚಿದರು. ಆಮೇಲೆ ಜೆಸಿಬಿ ತನ್ನ ಕೈ ಎತ್ತಿ ಬಾಳವ್ವನ ಅಂಗಡಿಯ ತಗಡಿನ ಮೇಲೆ ಇಟ್ಟಿತು.

ಬಾಳವ್ವ ಕಿರುಚಿದ್ದು ನೀರಿನ ಸದ್ದಿನಲ್ಲೂ ಕೇಳಿಸಿತು.

ಯಲ್ಲಕ್ಕ ಓಡಿದಳು. ಸಾಹೇಬರು ಅಲ್ಲೇ ಕೊಡೆ ಹಿಡಿದು ನಿಂತಿದ್ದರು. "ನಿಲ್ಲಸ್ರಿ! ನಿಲ್ಲಸ್ರಿ ಯಪ್ಪಾ! ಏನ ಮಾಡಾಕತ್ತೀರಿ?"

"ಯಾಕಮ್ಮ? ನೀವೇ ತಾನೇ ಹೇಳಿದ್ದು ತೆಗೆಸಿ ಅಂತ?"

"ತೆಗಸ್ರಿ ಅಂದ್ರ, ಕೀಲಿ ತೆಗಸ್ರಿ ಅಂತ್ರಿ! ಅಂಗಡಿ ಚಾಲೂ ಮಾಡಸ್ರಿ ಅಂತ! ಬಾಗಲಾ ತೆಗಿ ಅಂದ್ರ ನೀವ ಬಾಗಲಾ ಕಿತ್ತ ಒಗೀತೀರೇನ್ರಿ?"

ಸಾಹೇಬರು ಪಕ್ಕದಲ್ಲಿದ್ದ ಶುಭಮ್‌ನ ಮುಖ ನೋಡಿದರು. ಶುಭಮ್ ನೆಲ ನೋಡಿದ.

"ಹೌದೇನೋ?" ಅಂದರು ಸಾಹೇಬರು.

"ಹೌದ್ರಿ ಸರ," ಅಂದ ಶುಭಮ್ ಮೆಲ್ಲಗೆ. "ಚಪ್ಪಾಳಿ ಬಿದ್ದಿತ್ತಲ್ರಿ. ಮತ್ತ ಹೆಂಗ ಹೇಳೂದು ಅಂತ..."

ಸಾಹೇಬರು ನಿಜವಾಗಿಯೂ ಕಂಗೆಟ್ಟರು. "ಅಯ್ಯೋ, ನಾನು ಸರಿಯಾಗಿ ಕೇಳಬೇಕಿತ್ತು. ಛೆ, ಛೆ," ಅಂದರು. ಕೊಡೆಯನ್ನು ಅವಳ ತಲೆಯ ಮೇಲೂ ಹಿಡಿದರು. ಆದರೆ ನಿಲ್ಲಿಸಿ ಅನ್ನಲಿಲ್ಲ. ಅವಳ ಮಾತಿನ ವಿಡಿಯೋ ಮೇಲಿನವರೆಲ್ಲ ನೋಡಿ ಹೊಗಳಿದ್ದಾರಂತೆ. ವ್ಯಾಪಾರಿಗಳೇ ತಾವಾಗಿ ಜಾಗ ಬಿಟ್ಟ ಊರು ಅಂತ ಬೇರೆ ಊರಿನವರಿಗೂ ತೋರಿಸುತ್ತಿದ್ದಾರಂತೆ. ಈಗ ತಪ್ಪಾಗಿದೆ ಅಂದರೆ ಯಾರು ಒಪ್ಪುತ್ತಾರೆ ಅಂದರು. "ಬೇರೆ ಜಾಗ ನೋಡೋಣಮ್ಮ" ಅಂತಲೂ ಅಂದರು. ಈ 'ನೋಡೋಣ' ಅನ್ನುವ ಮಾತಿಗೆ ಬೆಂಕಿ ಹಚ್ಚ! ಅದನ್ನು ಅಂದವರು ಯಾರೂ ಇವತ್ತಿನ ತನಕ ಏನನ್ನೂ ನೋಡಿಲ್ಲ. ಅವರು ಮಾತಾಡಿ ಮುಗಿಸುವಷ್ಟರಲ್ಲಿ ಮಾಲಿಂಗಪ್ಪನ ಅಂಗಡಿಯೂ ಹೋಗಿತ್ತು, ಯಲ್ಲಕ್ಕನದೂ ಹೋಗಿತ್ತು.

ಊರು ಸುಧಾರಿಸಿತು. ಅಂಗಡಿಗಳಿದ್ದ ಕಡೆ ಬಣ್ಣದ ಕಲ್ಲು ಹಾಸಿ, ಫೋಟೋ ಹೊಡೆಸಿಕೊಳ್ಳಲು ದೊಡ್ಡ ದೊಡ್ಡ ಅಕ್ಷರ ನಿಲ್ಲಿಸಿದರು. ಬಂದವರು ಅಕ್ಷರಗಳ ಮುಂದೆ ನಿಂತು ನಗುತ್ತಾರೆ. ಆಮೇಲೆ, ಇಷ್ಟು ಚಂದದ ಜಾಗದಲ್ಲಿ ಬಾಯಾಡಿಸಲು ಒಂದು ತೆನೆಯಾದರೂ ಬೇಡವೇ, ಊರವರಿಗೆ ಬುದ್ಧಿ ಇಲ್ಲ ಅಂತ ಬೈದು ಹೋಗುತ್ತಾರೆ. ಅನುರಾಧಾ ಕೇಳಿದ್ದ ಶೌಚಾಲಯ ಇನ್ನೂ ಬಂದಿಲ್ಲ.

ಓಣಿಯಲ್ಲಿ ಯಲ್ಲಕ್ಕನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಶಾಲಿನ ಆಸೆಗೆ ಎಲ್ಲರ ಅನ್ನ ಮಾರಿದಳು ಅಂತ ಬಾಳವ್ವ ನಲ್ಲಿಯ ಹತ್ತಿರ ನಿಂತು ಕೂಗಿ ಹೇಳಿದ್ದಳು. ಅಂಗಡಿ ಹೋದ ನೋವು ಒಂದು ತೂಕವಾದರೆ, ಇದು ಹತ್ತು ತೂಕ. ಕೂಲಿಗೆ ಹೋದಲ್ಲೂ ಯಲ್ಲಕ್ಕನಿಗೆ ಅದೇ ಚಿಂತೆ. ಬಾಳವ್ವನಿಗೆ ಒಂದು ಸಲ ಬಿಡಿಸಿ ಹೇಳಿದರೆ ಸಾಕು, ಅರ್ಥವಾಗುತ್ತದೆ ಅಂದುಕೊಂಡು ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಅವಳ ಮನೆಗೆ ಹೋದಳು.

ಬಾಳವ್ವ ಹೊಸ್ತಿಲಲ್ಲಿ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ. ಅವಳನ್ನು ಹಾಗೆ ಖಾಲಿ ಕೈಯಲ್ಲಿ ಯಲ್ಲಕ್ಕ ಎಂದೂ ನೋಡಿರಲಿಲ್ಲ.

"ಯಕ್ಕಾ, ನಾ ಬ್ಯಾರೆ ಏನೂ ಅನ್ಲಿಲ್ಲ. ತೆಗಸ್ರಿ ಅಂದ್ರ ಚಾಲೂ ಮಾಡಸ್ರಿ ಅಂತ. ನಿನ್ನ ಕಾಲ ಮುಟ್ಟಿ ಹೇಳ್ತೇನಿ..."

"ಸಾಕ ಬಿಡ," ಅಂದಳು ಬಾಳವ್ವ. "ನನಗೇನ ಕನ್ನಡ ಬರೂದಿಲ್ಲೇನ? ನೀ ಏನಂದಿ ಅಂತ ನನಗ ಗೊತ್ತಿಲ್ಲೇನ?"

"ಗೊತ್ತಿದ್ದೂ ಮತ್ತ ಯಾಕ ಹಂಗ ಬೈದಿ?"

"ಮತ್ತ ಯಾರಿಗೆ ಬೈಲೇ? ಆ ಸಾಹೇಬ ನನ್ನ ಕೈಗೆ ಸಿಗ್ತಾನೇನ? ವೇದಿಕಿ ಮ್ಯಾಲ ಕುಂತಾವ್ರು ನನ್ನ ಕೈಗೆ ಸಿಗ್ತಾರೇನ? ನೀ ಒಬ್ಬಾಕಿ ಸಿಗ್ತಿ, ಅದಕ್ಕ ಬೈದ್ನಿ."

ಯಲ್ಲಕ್ಕ ಅಂಗಳದಲ್ಲಿ, ಅವಳ ಎದುರಿಗೆ, ನೆಲಕ್ಕೆ ಕೂತಳು. "ಬೈ ಹಂಗಾರ. ಎಷ್ಟ ಬೈತಿ ಬೈ. ಎದ್ದ ಹೋಗೂದಿಲ್ಲ."

ಬಾಳವ್ವ ಬೈದಳು. ಹಡಬಿ ಅಂದಳು, ಮನಿಹಾಳಿ ಅಂದಳು. ಇಡೀ ಬಸ್‌ ನಿಲ್ದಾಣವನ್ನೇ ಬೈದು ನಿಲ್ಲಿಸುತ್ತಿದ್ದ ಹೆಂಗಸಿಗೆ ಮೂರನೆಯ ಬೈಗುಳ ಸಿಗಲಿಲ್ಲ. ಹೊಸ್ತಿಲಲ್ಲೇ ಅತ್ತ ಸರಿದು, "ಕುಂದರ ಇಲ್ಲಿ" ಅಂದಳು.