ಕುರ್ಚಿಯ ಕೆಳಗಿನ ಅಗುಳು

ಅಂಗಡಿಯ ಹುಡುಗಿ ಬಟ್ಟಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಗಾಜಿನ ಮೇಜಿನ ಮೇಲೆ ಚೆಲ್ಲಿದಾಗ, ಟೈಲರಮ್ಮನ ಕೈ ತನ್ನಷ್ಟಕ್ಕೆ ತಾನೇ ಮೇಜಿನ ಅಂಚಿಗೆ ಹೋಗಿ ಅಂಗೈ ಒಡ್ಡಿತು. ಉರುಳಿ ಬಂದ ಏಳೆಂಟು ಕಾಳು ಅದರೊಳಗೆ ಬಿದ್ದವು.

"ಬಿಡಿ ಮೇಡಂ, ಬೀಳ್ಲಿ. ಬೀಳಿಸೋಕೇ ಹಾಕಿರೋದು," ಹುಡುಗಿ ನಕ್ಕಳು.

ಟೈಲರಮ್ಮ ನಗಲಿಲ್ಲ. ಅಂಗೈಯ ಕಾಳುಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಮುಷ್ಟಿ ಮುಚ್ಚಿಕೊಂಡಳು. ಹುಡುಗಿ ಧೂಳು ಎಳೆಯುವ ಒಂದು ಕಪ್ಪು ಯಂತ್ರವನ್ನು ಎತ್ತಿ ಗುಂಡಿ ಒತ್ತಿದಳು. ಲಾರಿ ಏರು ಹತ್ತುವಾಗಿನಂಥ ಸದ್ದು ಬಂತು. ಮೇಜಿನ ಮೇಲಿನ ಅಕ್ಕಿ ಕ್ಷಣಾರ್ಧದಲ್ಲಿ ಮಾಯ. ಪಾರದರ್ಶಕ ಡಬ್ಬಿಯೊಳಗೆ ಕಾಳುಗಳು ಗಿರಗಿರ ಸುತ್ತುತ್ತಿದ್ದವು. ಟೈಲರಮ್ಮ ನೋಡುತ್ತಿದ್ದದ್ದು ಅಕ್ಕಿಯನ್ನಲ್ಲ. ಹುಡುಗಿಯ ನೀಲಿ ಕೋಟಿನ ಕಂಕುಳಲ್ಲಿ ಹೊಲಿಗೆ ಎರಡು ಬೆರಳಷ್ಟು ಬಿಟ್ಟಿತ್ತು. ತೋಳು ಎತ್ತಿದಾಗಲೆಲ್ಲ ಅದು ಬಾಯಿ ತೆರೆಯುತ್ತಿತ್ತು. ಇವತ್ತೋ ನಾಳೆಯೋ ಪೂರ್ತಿ ಹೋಗುತ್ತದೆ, ಎಂದುಕೊಂಡಳು.

"ಅತ್ತಿಗೆ, ಎಲ್ಲಿದ್ದೀರಾ? ನೋಡಿ, ಹೇಗೆ ನುಂಗಿಬಿಡ್ತು!" ನಾದಿನಿ ಮೊಣಕೈಯಿಂದ ತಿವಿದಳು. ಯಂತ್ರ ಕೊಳ್ಳಲು ಹೊರಡಿಸಿದ್ದೇ ಅವಳು. ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಸಾವಿರ ಮಕ್ಕಳ ಗಲಾಟೆಯ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಹೋದ ಭಾನುವಾರ ಅಣ್ಣನನ್ನು ನೋಡಲು ಬಂದವಳು ಊಟದ ಕುರ್ಚಿಯ ಕೆಳಗೆ ಇರುವೆಗಳ ಸಾಲು ಕಂಡು, "ಈ ವಯಸ್ಸಲ್ಲಿ, ಈ ಮಂಡಿ ಇಟ್ಕೊಂಡು, ದಿನಕ್ಕೆ ಮೂರು ಸಲ ನೆಲಕ್ಕೆ ಬಗ್ಗಿ ಅಗುಳು ಆರಿಸ್ತೀರಾ? ಕೈಯಲ್ಲಿ ಹಿಡಿಯೋ ಮೆಷಿನ್ನು ಬಂದಿದೆ, ಒಂದು ತಗೊಂಡುಬಿಡೋಣ," ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಟೈಲರಮ್ಮ ಹ್ಞೂಂ ಎಂದಿದ್ದಳು. ಈಚೆಗೆ ಅವಳು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದಳು.

ಅವಳ ಗಂಡ ಅಂಗಡಿಯ ಬಾಗಿಲ ಬಳಿ, ಅಂಗಡಿಯವರೇ ಹಾಕಿಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮನೆಯಲ್ಲಿ ಒಬ್ಬನನ್ನೇ ಬಿಟ್ಟು ಬರುವ ಹಾಗಿಲ್ಲದ್ದರಿಂದ ಕರೆತಂದಿದ್ದರು. ಇಪ್ಪತ್ತೇಳು ವರ್ಷ ಸಿಟಿ ಬಸ್ಸು ಓಡಿಸಿದ ಆತ ಬೀದಿಗೆಲ್ಲ ಡ್ರೈವರಣ್ಣ. ಐದು ತಿಂಗಳ ಹಿಂದೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಬಲಗೈ, ಬಲಗಾಲು ಹೋದವು. ಕಾಲು ಅಷ್ಟಿಷ್ಟು ವಾಪಸ್ಸು ಬಂತು, ಕೈ ಬರಲಿಲ್ಲ. ನಾಲಗೆ ದಪ್ಪವಾಗಿ, ಒಂದೊಂದು ಮಾತೂ ಕೆಸರಿನಿಂದ ಕಿತ್ತು ತೆಗೆದ ಹಾಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳಿಗೆ, "ಅತ್ತುಬಿಡಮ್ಮ, ಹಗುರಾಗುತ್ತೆ," ಎಂದಿದ್ದರು. ಅಳು ಬಂದಿರಲಿಲ್ಲ. ಮಾತ್ರೆಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ಕೈಗೆ ವ್ಯಾಯಾಮ ಮಾಡಿಸುವ ಹೊತ್ತು, ನಡುವೆ ಹೊಲಿಗೆ. ದಿನ ಹೀಗೆ ತುಂಡು ತುಂಡಾಗಿ ಮುಗಿಯುತ್ತಿತ್ತು. ಮೊನ್ನೆ ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕಿತ್ತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಂಡ ಮೇಲೆಯೇ ಅವಳಿಗೆ ಗೊತ್ತಾಗಿದ್ದು. ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಬೆರಳಿಗೆ ಚಿಂದಿ ಸುತ್ತಿ, ಮತ್ತೆ ಪೆಡಲ್ ತುಳಿದಿದ್ದಳು.

"ನಿಮಗೆ ಮುಖ್ಯವಾಗಿ ಏನು ಕ್ಲೀನ್ ಮಾಡೋಕೆ ಬೇಕು ಮೇಡಂ? ಕಾರಾ, ಸೋಫಾನಾ, ನಾಯಿ ಕೂದಲಾ?"

"ಅನ್ನದ ಅಗುಳು," ಟೈಲರಮ್ಮ ಅಂದಳು. "ಬ್ರೆಡ್ಡಿನ ಪುಡಿ. ಬಿಸ್ಕತ್ತು."

"ಓ, ಮನೇಲಿ ಪುಟ್ಟ ಮಕ್ಕಳಿದ್ದಾರಾ!"

ನಾದಿನಿ ಬಾಗಿಲ ಕಡೆ ಒಮ್ಮೆ ನೋಡಿ, ಎಂದೂ ಇಲ್ಲದ ಹಾಗೆ ದನಿ ತಗ್ಗಿಸಿ, "ಬೇರೆ ತೋರಿಸಮ್ಮ. ಇದು ಒಂದೇ ಸಮ ಬೊಬ್ಬೆ ಹೊಡೆಯುತ್ತೆ," ಎಂದಳು.

ಎರಡನೆಯದು ತಿಳಿಗುಲಾಬಿ ಬಣ್ಣದ್ದು, ನೀರಿನ ಫ್ಲಾಸ್ಕಿನಷ್ಟೇ ದಪ್ಪ. ಸದ್ದು ಕಡಿಮೆ. ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಮೂವತ್ತು ವರ್ಷ ಕತ್ತರಿ ಹಿಡಿದು ಟೈಲರಮ್ಮನ ಮಣಿಕಟ್ಟು ಸವೆದಿತ್ತು. ಕಪ್ಪು ಯಂತ್ರ ಹಿಡಿದಾಗ ಅಲ್ಲಿ ಚಳಕ್ಕೆಂದಿತ್ತು, ಇದಕ್ಕೆ ಏನೂ ಆಗಲಿಲ್ಲ. ಒಣ ಅಗುಳನ್ನು ಎಳೆಯುತ್ತದೆ, ಹಸಿಯನ್ನು ಎಳೆಯುವುದಿಲ್ಲ, ಒಂದು ಸಲ ಚಾರ್ಜ್ ಮಾಡಿದರೆ ಇಪ್ಪತ್ತು ನಿಮಿಷ ಬರುತ್ತದೆ, ವಾರಕ್ಕೊಮ್ಮೆ ಫಿಲ್ಟರ್ ತೊಳೆದು ಒಣಗಿಸಬೇಕು. ಹುಡುಗಿ ಪಾಠ ಒಪ್ಪಿಸುತ್ತ ಹೋದಳು. ಡಬ್ಬಿ ಖಾಲಿ ಮಾಡಲು ಒಂದು ಕೈಯಲ್ಲಿ ಹಿಡಿ ಹಿಡಿದು, ಇನ್ನೊಂದರಲ್ಲಿ ತಿರುಪಿ ತೋರಿಸಿದಳು.

"ಇದೇ ಆಯ್ತು," ಟೈಲರಮ್ಮ ಅಂದಳು. ಬೇಗ ಮುಗಿದರೆ ಸಾಕಿತ್ತು. ಮನೆಗೆ ಹೋಗಿ ಅನ್ನಕ್ಕಿಡಬೇಕು. ಇಟ್ಟರೂ ಆತ ತಿನ್ನುವುದು ಅಷ್ಟರಲ್ಲೇ.

ಚಿಂತೆಯ ವಿಷಯ ನಿಜಕ್ಕೂ ಅದಾಗಿತ್ತು. ಮೊದಮೊದಲು ಅವಳೇ ಉಣಿಸುತ್ತಿದ್ದಳು. ಒಂದು ದಿನ ಆತ ಬಾಯಿ ಬಿಗಿದುಕೊಂಡು, ಎಡಗೈಯಿಂದ ಚಮಚ ಕಿತ್ತುಕೊಂಡ. ಅಲ್ಲಿಂದ ತಾನೇ ಉಣ್ಣತೊಡಗಿದ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಆದರೂ ತಟ್ಟೆ ಖಾಲಿಯಾಗುತ್ತಿತ್ತು. ಈಗ ಮೂರು ವಾರದಿಂದ ನಾಲ್ಕು ಚಮಚ ತಿಂದು ತಟ್ಟೆಯನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದ. ನಾದಿನಿ ಬೈದು ನೋಡಿದಳು, ಗೋಗರೆದು ನೋಡಿದಳು, ಚಿಕ್ಕವನಿದ್ದಾಗ ಅವನಿಗೆ ಇಷ್ಟವಿದ್ದದ್ದನ್ನೆಲ್ಲ ಡಬ್ಬಿ ಡಬ್ಬಿ ಹೊತ್ತು ತಂದಳು. ನಾಲ್ಕು ಚಮಚ ಐದಾಗಲಿಲ್ಲ. ತೂಕ ನೋಡಿದ ಡಾಕ್ಟರು, "ಮುಂದಿನ ಸಲವೂ ಹೀಗೇ ಇದ್ರೆ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ," ಎಂದಿದ್ದರು. ಅದಕ್ಕೂ ಟೈಲರಮ್ಮ ಹ್ಞೂಂ ಎಂದಿದ್ದಳು.

"ಪ್ಯಾಕ್ ಮಾಡ್ಲಾ ಮೇಡಂ?"

ಅಷ್ಟರಲ್ಲಿ ಹಿಂದೆ ಕೋಲು ಊರಿದ ಸದ್ದು. ಡ್ರೈವರಣ್ಣ ಎದ್ದು ಬರುತ್ತಿದ್ದ. ಎಡಗೈಯಲ್ಲಿ ಕೋಲು, ಬಲಗಾಲನ್ನು ಎಳೆಯುತ್ತ ಬಂದು ಮೇಜಿಗೆ ಹೊಟ್ಟೆ ಆನಿಸಿ ನಿಂತ. ಕೋಲನ್ನು ಮೇಜಿಗೆ ಒರಗಿಸಿ, ಗುಲಾಬಿ ಯಂತ್ರವನ್ನು ಎತ್ತಿಕೊಂಡ. ಬಸ್ಸು ಡಿಪೋ ಬಿಡುವ ಮೊದಲು ಸುತ್ತ ನಡೆದು ಚಕ್ರ ಒದ್ದು ನೋಡುತ್ತಿದ್ದವನು ಆತ. ಅದೇ ಕಣ್ಣಿನಿಂದ ಯಂತ್ರದ ಬಾಯಿ, ಬೆನ್ನು, ಬುಡ ನೋಡಿದ. ಗುಂಡಿ ಒತ್ತಲು ಹೋದ. ಅದು ಬಲಗೈಯವರ ಹೆಬ್ಬೆರಳಿಗೆ ಸಿಗುವ ಕಡೆ ಇತ್ತು. ಎಡಗೈಯ ಬೆರಳು ಸುತ್ತಿ ಬಳಸಿ ಹೋದರೂ ಮುಟ್ಟಲಿಲ್ಲ.

"ಅಣ್ಣಾ, ನಿನಗ್ಯಾಕೆ ಇದೆಲ್ಲ? ಕೂತ್ಕೋ ಹೋಗು. ಅತ್ತಿಗೆ ತಾನೇ ಗುಡಿಸೋದು," ನಾದಿನಿ ಅಂದಳು.

ಆತ ಕೇಳಿಸಿಕೊಳ್ಳಲಿಲ್ಲ. ಯಂತ್ರವನ್ನು ಮೇಜಿನ ಅಂಚಿಗೂ ಹೊಟ್ಟೆಗೂ ನಡುವೆ ಸಿಕ್ಕಿಸಿಕೊಂಡು ಡಬ್ಬಿ ತಿರುಪಿದ. ಡಬ್ಬಿಯ ಜೊತೆ ಯಂತ್ರವೇ ತಿರುಗಿತು. ಮತ್ತೊಮ್ಮೆ ತಿರುಪಿದ. ಮೂರನೆಯ ಸಲ ಅದು ಜಾರಿ ಹೋಗುವುದರಲ್ಲಿತ್ತು, ಹುಡುಗಿ ಹಿಡಿದುಕೊಂಡಳು.

"ಅಂಕಲ್, ಆಂಟಿ ಮಾಡ್ಕೋತಾರೆ ಬಿಡಿ."

ಡ್ರೈವರಣ್ಣ ತಲೆ ಅಲ್ಲಾಡಿಸಿದ. ಬಾಯಿ ತೆರೆದ. ಮಾತು ಬರುವವರೆಗೂ ಮೂವರು ಹೆಂಗಸರೂ ಕಾದರು.

"ನಾ...ನೇ," ಎಂದ. ಆಮೇಲೆ ಹೆಂಡತಿಯ ಕಡೆ ನೋಡದೆ, ಗದ್ದದಿಂದ ಅವಳತ್ತ ತೋರಿಸಿ, "ಅವಳು... ಬಗ್ಗೋದು... ಬೇಡ."

ಅಂಗಡಿಯ ಆ ಬದಿಯಲ್ಲಿ ಯಾರೋ ಟೀವಿಯ ಸದ್ದು ಏರಿಸಿ ಇಳಿಸಿ ನೋಡುತ್ತಿದ್ದರು.

ಟೈಲರಮ್ಮ ನಿಂತಲ್ಲೇ ಲೆಕ್ಕ ಹಾಕಿದಳು. ಮೂರು ವಾರ. ಅದು ಸೋಮವಾರ. ಶಾಲೆಗೆ ಹೊಲಿದ ಸಮವಸ್ತ್ರದ ಗಂಟು ಅಂದೇ ಕೊಡಬೇಕಿತ್ತು, ಆತುರದಲ್ಲಿದ್ದಳು. ಆತನ ಊಟವಾದ ಮೇಲೆ ಮೇಜಿನ ಅಡಿಗೆ ನುಸುಳಿ ಬಟ್ಟೆಯಿಂದ ಅಗುಳು ಬಳಿಯುತ್ತಿದ್ದಳು. ಮೇಲೇಳುವಾಗ ಮೇಜಿನ ಅಂಚು ನೆತ್ತಿಗೆ ಬಡಿಯಿತು. ನೋವೇನೂ ಆಗಿರಲಿಲ್ಲ, ಆಗಿದ್ದರೂ ಗೊತ್ತಾಗಿರಲಿಲ್ಲ. ಆದರೆ ಏಳುವುದಕ್ಕೆ ಮನಸ್ಸಾಗದೆ, ಅಲ್ಲೇ ಅವನ ಕಾಲುಗಳ ಪಕ್ಕ, ಎಂಜಲು ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಎಷ್ಟು ಹೊತ್ತೋ. ಮೇಲಿನಿಂದ ಆತ ನೋಡುತ್ತಲೇ ಇದ್ದ. ಅಂದು ರಾತ್ರಿಯಿಂದಲೇ ನಾಲ್ಕು ಚಮಚ.

ಕಡಿಮೆ ತಿಂದರೆ ಕಡಿಮೆ ಚೆಲ್ಲುತ್ತದೆ.

ಈಗ ಏನಾದರೂ ಆಗಬೇಕು, ಎದೆಯಲ್ಲಿ ಏನಾದರೂ ಕದಲಬೇಕು ಎಂದು ಅವಳಿಗೆ ಅನ್ನಿಸಿತು. ಕಾದಳು. ಏನೂ ಆಗಲಿಲ್ಲ. ಮುಷ್ಟಿಯೊಳಗೆ ಅಕ್ಕಿಕಾಳು ಬೆವರಿಗೆ ಅಂಟಿಕೊಂಡಿದ್ದವು. ಅವನ್ನು ಮೇಜಿನ ಮೇಲೆ ಉದುರಿಸಿ ಹುಡುಗಿಗೆ ಹೇಳಿದಳು, "ಇದು ಬೇಡಮ್ಮ. ಒಂದೇ ಕೈಯಲ್ಲಿ ಆಗೋದು ಕೊಡು. ಎಡಗೈಯಲ್ಲಿ."

ಹುಡುಗಿ ಆತನ ಬಲಗೈಯನ್ನು ಆಗ ನೋಡಿದಳು. ಅದು ಪ್ಯಾಂಟಿನ ಜೇಬಿನಲ್ಲೇ ಇತ್ತು. ಹೊರಡುವ ಮೊದಲು ಟೈಲರಮ್ಮ ತಾನೇ ಅದನ್ನು ಜೇಬಿನೊಳಗಿಟ್ಟಿದ್ದಳು, ಜೋಲಾಡದಿರಲೆಂದು. "ಒಂದ್ನಿಮಿಷ ಅಂಕಲ್," ಎಂದು ಹುಡುಗಿ ಒಳಗೆ ಓಡಿದಳು. ಬಂದಾಗ ಕೈಯಲ್ಲಿ ಮೂಲೆ ಜಜ್ಜಿದ ಪೆಟ್ಟಿಗೆ. ಉಫ್ ಎಂದು ಊದಿ, "ಹಳೇ ಮಾಡೆಲ್ಲು, ಯಾರೂ ಕೇಳಲ್ಲ. ನೋಡಿ, ಧೂಳು ಎಳೆಯೋ ಮೆಷಿನ್ನಿನ ಮೇಲೇ ಎಷ್ಟು ಧೂಳು," ಎಂದಳು.

ಪೆಟ್ಟಿಗೆಯಿಂದ ಹೊರಬಂದದ್ದು ಪಾಚಿ ಹಸಿರು ಬಣ್ಣದ್ದು. "ಅಯ್ಯೋ, ಕಪ್ಪೆ ಇದ್ದಹಾಗಿದೆ!" ಎಂದು ನಾದಿನಿ ಮೂಗು ಮುರಿದಳು. ಆದರೆ ಅದರ ಗುಂಡಿ ಬೆನ್ನಿನ ನಡುಮಧ್ಯ ಇತ್ತು, ಅಗಲವಾಗಿ. ಒಮ್ಮೆ ಒತ್ತಿದರೆ ಸಾಕು, ಹಿಡಿದುಕೊಂಡೇ ಇರಬೇಕಾಗಿಲ್ಲ. ಡಬ್ಬಿಗೆ ತಿರುಪು ಇಲ್ಲ. ಕೆಳಗಿನ ಕೊಕ್ಕೆಯನ್ನು ಯಾವುದಾದರೂ ಅಂಚಿಗೆ ತಾಗಿಸಿದರೆ ಮುಚ್ಚಳ ತೆರೆದುಕೊಳ್ಳುತ್ತದೆ. ಬಾಯಿಗೆ ಸಿಕ್ಕಿಸಲು ಮೊಳದುದ್ದದ ಒಂದು ಕೊಳವೆಯೂ ಇತ್ತು. ಕೂತಲ್ಲಿಂದ ನೆಲ ಮುಟ್ಟುತ್ತದೆ, ಹಸಿ ಅಗುಳನ್ನೂ ಎಳೆಯುತ್ತದೆ.

ಹುಡುಗಿ ಅಕ್ಕಿ ಚೆಲ್ಲಲು ಹೋದಾಗ ಡ್ರೈವರಣ್ಣ ತಡೆದ. ಬಟ್ಟಲಿಗೆ ತಾನೇ ಎಡಗೈ ಹಾಕಿ, ತಾನೇ ಚೆಲ್ಲಿದ. ಯಂತ್ರ ಹಿಡಿದು, ಗುಂಡಿ ಒತ್ತಿ, ಮೇಜಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಓಡಿಸಿದ. ಎರಡು ಕಾಳು ಉಳಿದವು. ಸಾಕು ಎಂದು ನಾದಿನಿ ಅನ್ನುವುದರೊಳಗೆ, ಹಿಂದಕ್ಕೆ ಬಂದು ಆ ಎರಡನ್ನೂ ಎಳೆದುಕೊಂಡ. ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಹಣೆಯಲ್ಲಿ ಬೆವರಿತ್ತು.

"ಇದು," ಎಂದ.

ಮಾರನೆಯ ಮಧ್ಯಾಹ್ನ ಟೈಲರಮ್ಮ ಎಂದಿನಂತೆ ತಟ್ಟೆ ಇಟ್ಟು, ಎದುರಿನ ಕುರ್ಚಿ ಎಳೆದುಕೊಳ್ಳಲು ಹೋದಳು. ಆತ ಚಮಚ ಹಿಡಿದ ಕೈಯಿಂದಲೇ ಕೋಣೆಯ ಕಡೆ ತೋರಿಸಿದ. "ಹೋಗು. ಹೊಲಿ."

"ತಿಂತೀರಾ?"

"ಹೋಗೇ."

ಅವಳು ಹೋದಳು. ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಅಂಗಿಯ ಕಾಲರು ತೆಗೆದುಕೊಂಡಳು. ಪೆಡಲ್ ಮೇಲೆ ಕಾಲಿಟ್ಟರೂ ತುಳಿಯಲಿಲ್ಲ. ಚಮಚ ತಟ್ಟೆಗೆ ತಾಗುವ ಸದ್ದು ಕೇಳುತ್ತಿತ್ತು. ಎಣಿಸಬಾರದೆಂದುಕೊಂಡರೂ ಎಣಿಸಿದಳು. ನಾಲ್ಕಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಐದು. ಆರು. ಏನೋ ನೆಲಕ್ಕೆ ಬಿತ್ತು. ಏಳು. ಒಂಬತ್ತೋ ಹತ್ತೋ ಆದ ಮೇಲೆ ಲೆಕ್ಕ ತಪ್ಪಿತು. ಕಾಲರಿನ ಮೂಲೆಯನ್ನು ಉಗುರಿನಿಂದ ತೀಡಿ ತೀಡಿ ಚೂಪು ಮಾಡಿದಳು; ಆಗಲೇ ಚೂಪಾಗಿದ್ದದ್ದು.

ಆಮೇಲೆ ಹಸಿರು ಯಂತ್ರ ಗುರ್ ಎಂದಿತು.

ಕೂತಲ್ಲಿಂದ, ಅರ್ಧ ತೆರೆದ ಬಾಗಿಲಲ್ಲಿ, ಆತನ ಮುಖ ಕಾಣುತ್ತಿರಲಿಲ್ಲ. ಮೇಜಿನ ಅಡಿಯ ನೆಲ, ಎರಡು ಕಾಲು, ಅತ್ತಿತ್ತ ಹೋಗಿ ಬರುವ ಕೊಳವೆಯ ತುದಿ, ಇಷ್ಟೇ. ಕೊಳವೆ ಎಡಗಾಲಿನ ಸುತ್ತ ಹೋಯಿತು, ಬಲಗಾಲಿನ ಸುತ್ತ ಹೋಯಿತು. ಅಲ್ಲಿ ನಿಂತಿತು. ಸದ್ದು ಅಡಗಿತು. ಎಡಗೈ ಕೆಳಗಿಳಿದು ಬಂದು, ಬಲ ಮಂಡಿಯ ಹಿಂದೆ ಪ್ಯಾಂಟಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಗುಡಿಸುವವರು ಸ್ಟೂಲು ಸರಿಸುವ ಹಾಗೆ, ಕಾಲನ್ನು ಎತ್ತಿ ಪಕ್ಕಕ್ಕಿಟ್ಟಿತು. ಪಾದವಿದ್ದ ಜಾಗದಲ್ಲಿ ನಾಲ್ಕೈದು ಅಗುಳು ಬೆಳ್ಳಗೆ ಕಂಡವು. ಕೊಳವೆ ಮತ್ತೆ ಕೆಳಗಿಳಿಯಿತು.