ಕಲ್ಲಿನ ಕೆಳಗಿನ ಕಮಲ

ನಮ್ಮ ಮನ್ಯಾವರು ಗೋಕಾಕ ಪ್ಯಾಟ್ಯಾಗ ಮುಂಬೈ ಸರಕಾರದ ಸಾಲಿ ಪುಸ್ತಕಕ್ಕ ರಟ್ಟು ಕಟ್ಟತಾರ. ಅಂಟು ಹಚ್ಚಿದ ಕಾಗದ ಎಲ್ಲೇ ಕಾಣಲಿ, ಅದರ ಮ್ಯಾಲೆ ಕಲ್ಲು ಹೇರಲಿಲ್ಲಂದ್ರ ಅವರಿಗೆ ಉಂಡ ಅನ್ನ ಕರಗೂದಿಲ್ಲ. ಇದು ಗೊತ್ತಿದ್ದೂ ನನ್ನ ಕಾಗದದ ಹೂವು ಅವರ ಕಣ್ಣಿಗೆ ಬೀಳೂವಂಗ ಇಟ್ಟು ಹೋದೆ, ನನ್ನ ಹಣೇಬಾರ.

ಗಣಪ್ಪನ ಮಂಟಪಕ್ಕಂತ ಕಮಲ ಮಾಡಿದ್ದೆ. ಸೀರಿಗೆ ಬಣ್ಣದ ಹೂವು ಒತ್ತೂ ಕಟಗಿ ಅಚ್ಚು ನಾಗನೂರ ತಂಗಿ ಕಡೆಯಿಂದ ಇಸಗೊಂಡು ಬಂದು, ಕಾಗದದ ಮ್ಯಾಲೆ ಒಂದ ಹೂವು ಮತ್ತ ಮತ್ತ ಒತ್ತಿ, ಕತ್ತರಿಸಿ, ಒಂದೊಂದ ಎಸಳು ದಬ್ಬಣಕ್ಕ ಸುತ್ತಿ ಬಗ್ಗಿಸಿ, ನಡುವ ಹತ್ತಿ ಇಟ್ಟು ಒಂದರ ಮ್ಯಾಲೊಂದು ಅಂಟಿಸಿದ್ದೆ. ಓಣಿ ಹೆಣ್ಣಮಕ್ಕಳು ಬಂದು, ಖರೇ ಹೂವೇನ ಅಂತ ಮುಟ್ಟಿ ಮುಟ್ಟಿ ನೋಡಿದ್ದರು. ಅಂಟು ಒಣಗಲಿ ಅಂತ ಬಿಟ್ಟು ನೀರಿಗೆ ಹೋದೆ.

ತಿರುಗಿ ಬಂದು ನೋಡತೀನಿ, ಹೂವಿನ ಜಾಗಾದಾಗ ಹಾಸಗಲ್ಲು! ಬಾಜೂಕ ಇವರು ಕೈ ಒರಸಿಕೊಂತ ನಗಾಕತ್ತಾರ.

"ಬಾಳವ್ವಾ, ಎಲ್ಲಾ ಉಬ್ಬಿಬಿಟ್ಟಿದ್ದವು. ನಾ ನೋಡಿದ್ದು ಚಲೋ ಆತು."

ಕಲ್ಲು ಎತ್ತಿಸಿದೆ. ಕಮಲ ಎಲ್ಲಾ ಹಪ್ಪಳ ಆಗಿದ್ದವು.

"ಎಷ್ಟ ಸಪಾಟ ಕುಂತಾವ ನೋಡು!" ಅಂದ್ರು.



ಅಷ್ಟರಾಗ ಮೈದುನ ಗಣಪ್ಪನ್ನ ಹೊತ್ಕೊಂಡು ಹೊಸ್ತಿಲಕ್ಕ ಬಂದ. ಆರತಿ ತಾಟು ಹಿಡಕೊಂಡು ಇವರ ಕಡೆ ತಿರುಗಿದೆ.

"ಆ ಕಲ್ಲು ಅಲ್ಲೇ ಇರಲಿ ಬಿಡ್ರಿ. ಈ ಗಣಪ್ಪನ ಹೊಟ್ಟೀನೂ ಉಬ್ಬೇತಿ."